ಒಂದನೇ ನಂಬರಿನ ಸೀಟು

ಗಾಡಿ ಮಿಸ್ ಹೊಡೆಯುತ್ತಿದೆ, ಒಂದು ಸಿಲಿಂಡರು ಉರಿಯುತ್ತಿಲ್ಲ ಎಂದು ಯಾರಾದರೂ ಬಂದರೆ ನಾನು ಮೊದಲು ಬಾನೆಟ್ ಎತ್ತುವುದಿಲ್ಲ. ಎಂಜಿನ್ ಚಾಲೂ ಇರುವಾಗಲೇ ಗಾಡಿಗೆ ಒಂದು ಸುತ್ತು ಬಂದು, ಕಿಟಕಿಯಲ್ಲಿ ಬಗ್ಗಿ, ಯಾವ ಸೀಟು ತಗ್ಗಿದೆ ಎಂದು ನೋಡುತ್ತೇನೆ. ಡ್ರೈವರ್ ಪಕ್ಕದ ಸೀಟು ತಗ್ಗಿದ್ದರೆ ಎರಡನೇ ಸಿಲಿಂಡರು. ಡ್ರೈವರ್ ಹಿಂದಿನದು ತಗ್ಗಿದ್ದರೆ ಮೂರನೆಯದು, ಅದರ ಮಗ್ಗುಲಿನದು ನಾಲ್ಕನೆಯದು. ಬೇರೆ ಊರಿನ ಮೆಕ್ಯಾನಿಕ್‌ಗಳು ಸ್ಕ್ಯಾನರ್ ಚುಚ್ಚಿ ಓದಿಕೊಳ್ಳುವುದು ನಮ್ಮೂರಿನಲ್ಲಿ ಕಣ್ಣಿಗೇ ಬೀಳುತ್ತದೆ. ನನ್ನ ಹತ್ತಿರವೂ ಸ್ಕ್ಯಾನರ್ ಇದೆ, ಅದು ಹೇಳುವುದೂ ಇಷ್ಟನ್ನೇ. ಆದರೆ ಸೀಟಿನಲ್ಲಿ ಕೂತವರು ಅದಕ್ಕೆ ಕಾಣುವುದಿಲ್ಲ. ನಮಗೂ ಕಾಣುವುದಿಲ್ಲ ಅನ್ನಿ. ಸ್ಪಂಜು ತಗ್ಗಿರುತ್ತದೆ, ಆ ಕಡೆಯ ಗಾಜಿಗೆ ಉಸಿರಿನ ಮಂಜು ಹಿಡಿದಿರುತ್ತದೆ, ಬೆಲ್ಟ್ ಹಾಕಿಲ್ಲವೆಂದು ಗಂಟೆ ಬಡಿದುಕೊಳ್ಳುತ್ತಿರುತ್ತದೆ, ಅಷ್ಟೇ.

ಊರಿಗೆ ಇದೆಲ್ಲ ಒಗ್ಗಿಹೋಗಿದೆ. ಚೌಕದ ಚಹಾ ಅಂಗಡಿಯ ಬಸಲಿಂಗ, ಗಾಡಿ ನಿಂತ ಕೂಡಲೇ ಎಷ್ಟು ಮಂದಿ ಎಂದು ಕೇಳುತ್ತಾನೆ. "ಇಬ್ಬರು, ಮ್ಯಾಲ ಒಬ್ಬರು" ಎಂದರೆ ಎರಡು ಚಹಾದ ಜೊತೆ ಒಂದು ಲೋಟ ನೀರು ತಂದು ತಗ್ಗಿದ ಸೀಟಿನ ಬಾಗಿಲ ಹತ್ತಿರ ನೆಲದ ಮೇಲಿಟ್ಟು ಹೋಗುತ್ತಾನೆ. ಕೂಸನ್ನು ಎತ್ತಿಕೊಂಡವರು ಆ ಸೀಟಿನ ಪಕ್ಕ ಕೂರುವುದಿಲ್ಲ. ಉಳಿದವರು ಕೂರುತ್ತಾರೆ, ಮೊಣಕೈ ತಾಗದಂತೆ ಸ್ವಲ್ಪ ಸರಿದುಕೊಳ್ಳುತ್ತಾರೆ. ಡೀಸೆಲ್ ಗಾಡಿಗೆ ಕಿಡಿಯ ಹಂಗಿಲ್ಲ, ಕಿಡಿ ಹಾರಿಸುವ ಕಾಯಿಲೂ ಇಲ್ಲ, ಆದ್ದರಿಂದ ಅದರಲ್ಲಿ ಯಾರೂ ಬಂದು ಕೂರುವುದಿಲ್ಲ. ಡೀಸೆಲ್ ಗಾಡಿಯವರು ಇದನ್ನು ಜಂಬದಿಂದ ಹೇಳಿಕೊಳ್ಳುತ್ತಾರೆ. ಆದರೆ ಸಂಜೆ ಹೊತ್ತು ಅವರು ಒಬ್ಬರೇ ಮನೆಗೆ ಹೋಗುವುದನ್ನು ನೋಡಿದರೆ ನನಗೆ ಪಾಪ ಅನ್ನಿಸುತ್ತದೆ.

ಬಂದು ಕೂರುವವರು ಯಾರು ಎಂದು ಊರಿನಲ್ಲಿ ಯಾರೂ ಕೇಳುವುದಿಲ್ಲ. ಸಾಮಾನ್ಯವಾಗಿ ಅವರು ಯಾರೂ ಅಲ್ಲ, ದಾರಿಯಲ್ಲಿ ಹತ್ತಿಕೊಂಡ ಯಾರೋ ಒಬ್ಬರು. ಹೊಸ ಕಾಯಿಲ್ ಹಾಕಿದರೆ ಇಳಿದು ಹೋಗುತ್ತಾರೆ, ಸ್ಪಂಜು ನಿಧಾನವಾಗಿ ಮೇಲೇಳುತ್ತದೆ. ಆದರೆ ಮನೆಯವರು ತಾವಾಗಿ "ಇಳಿಸ್ರಿ" ಎಂದು ಬಾಯಿಬಿಟ್ಟು ಹೇಳುವ ತನಕ ನಾವು ಕಾಯಿಲಿಗೆ ಕೈ ಹಚ್ಚುವುದಿಲ್ಲ. ಇದು ನಮ್ಮ ಅಪ್ಪ ಪದ್ಮಣ್ಣ ಈ ಗ್ಯಾರೇಜಿಗೆ ಹಾಕಿಕೊಟ್ಟ ಪದ್ಧತಿ, ನಾನೂ ಅದನ್ನೇ ನಡೆಸಿಕೊಂಡು ಬಂದಿದ್ದೇನೆ. ಗಿರಾಕಿಗಳು ನನ್ನನ್ನು ಕಸ್ತೂರಕ್ಕ ಎನ್ನುತ್ತಾರೆ, ಬೆನ್ನ ಹಿಂದೆ ಗಂಟುಮೋರೆ ಎನ್ನುತ್ತಾರೆ. ಎರಡೂ ಸುಳ್ಳಲ್ಲ.

ಕಾಯಿಲ್ ಎಂದರೆ ಭಯಪಡುವಂಥ ವಸ್ತುವೇನಲ್ಲ. ಗೇಣುದ್ದದ ಕಪ್ಪು ಕೊಳವೆ, ಒಂದೊಂದು ಸ್ಪಾರ್ಕ್ ಪ್ಲಗ್ಗಿನ ತಲೆಯ ಮೇಲೆ ಒಂದೊಂದು ಕೂತಿರುತ್ತದೆ. ಒಳಗೆ ತಾಮ್ರದ ತಂತಿಯ ಎರಡು ಸುರುಳಿ. ದಪ್ಪ ತಂತಿಯದು ಕೆಲವೇ ಸುತ್ತು, ಕೂದಲೆಳೆಯಂಥ ತಂತಿಯದು ಸಾವಿರಗಟ್ಟಲೆ ಸುತ್ತು. ಬ್ಯಾಟರಿಯ ಹನ್ನೆರಡು ವೋಲ್ಟ್ ದಪ್ಪ ತಂತಿಯಲ್ಲಿ ಹರಿಯುತ್ತಿರುವಷ್ಟು ಹೊತ್ತು ಕಿಡಿ ಹಾರುವುದಿಲ್ಲ. ಗಾಡಿಯ ಕಂಪ್ಯೂಟರು ಆ ಹರಿವನ್ನು ತಟ್ಟನೆ ಕಡಿದುಹಾಕುತ್ತದೆ ನೋಡಿ, ಆಗ ಸಣ್ಣ ತಂತಿಯಲ್ಲಿ ಮೂವತ್ತು ಸಾವಿರ ವೋಲ್ಟ್ ಎದ್ದು ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತದೆ. ಕೆಲಸ ಕಲಿಸುವಾಗ ಅಪ್ಪ ಹೇಳುತ್ತಿದ್ದ, "ಕೊಟ್ಟಿದ್ದಕ್ಕ ಕಿಡಿ ಬರಂಗಿಲ್ಲ ಕಸ್ತೂರಿ, ಕೊಡೂದ ನಿಂತಾಗ ಬರ್ತದ." ನಾನು ಆಗ ಅದನ್ನು ಬರೀ ಕಾಯಿಲಿನ ಮಾತು ಎಂದುಕೊಂಡಿದ್ದೆ.

ವರ್ಷಗಟ್ಟಲೆ ಕಾದು ಕಾದು ಕಾಯಿಲಿನ ಮೈಯಲ್ಲಿ ಕೂದಲೆಳೆ ಬಿರುಕು ಬಿಡುತ್ತದೆ. ಕಿಡಿ ಪ್ಲಗ್ಗಿನ ತುದಿಗೆ ಇಳಿಯುವ ಬದಲು ಆ ಬಿರುಕಿನಿಂದ ಹೊರಗೆ ಜಾರಿ ಎಂಜಿನ್ನಿನ ಮೈಗೆ ಬಡಿದು ಸುಮ್ಮನಾಗುತ್ತದೆ. ಸಿಲಿಂಡರಿಗೆ ಬಂದ ಪೆಟ್ರೋಲು ಉರಿಯದೆ ಹಾಗೇ ಹೊರಗೆ ಹೋಗುತ್ತದೆ. ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದರೆ ಬಿಸಿ, ಬಿಸಿ, ಬಿಸಿ ಎಂದು ಬರುವ ಗಾಳಿಯ ನಡುವೆ ಒಂದು ತಣ್ಣನೆಯ ಉಸಿರು ಸಿಗುತ್ತದೆ. ತಪ್ಪು ಕಾಯಿಲಿನದೋ ಬೇರೆಯದೋ ಎಂದು ತಿಳಿಯುವುದಕ್ಕೆ ಎರಡು ಕಾಯಿಲ್‌ಗಳನ್ನು ಅದಲು ಬದಲು ಮಾಡಿ ನೋಡುತ್ತೇವೆ. ಎರಡನೆಯದನ್ನು ಮೂರಕ್ಕೆ ಹಾಕಿದಾಗ ಮಿಸ್ಸೂ ಮೂರಕ್ಕೆ ಹೋದರೆ ತಪ್ಪು ಕಾಯಿಲಿನದು. ಕಾಯಿಲ್ ಹೋದರೂ ಮಿಸ್ಸು ಹಳೆಯ ಜಾಗದಲ್ಲೇ ಉಳಿದರೆ ತಪ್ಪು ಕಾಯಿಲಿನದಲ್ಲ, ಇನ್ನೂ ಒಳಗಿನದು. ನಮ್ಮೂರಿನಲ್ಲಿ ಈ ಪರೀಕ್ಷೆ ಮಾಡುವಾಗ ಮುಂದೆ ಕೂತವರು ಹಿಂದಕ್ಕೆ ಹೋಗಿ ಕೂರುತ್ತಾರೆ. ಎರಡನೇ ಸೀಟಿನ ಸ್ಪಂಜು ಏಳುವುದಕ್ಕೂ ಮೂರನೆಯದು ತಗ್ಗುವುದಕ್ಕೂ ನಡುವೆ ಒಂದು ಕ್ಷಣ ಇರುತ್ತದೆ. ಆ ಕ್ಷಣದಲ್ಲಿ ನಾನು ಬಾಗಿಲ ಹತ್ತಿರ ನಿಲ್ಲುವುದಿಲ್ಲ.

ಈಗ ಒಂದನೇ ಸಿಲಿಂಡರಿನ ಮಾತು. ಅದರ ಸೀಟು ಡ್ರೈವರ್ ಸೀಟು. ಅಲ್ಲಿ ಆಗಲೇ ಒಬ್ಬರು ಕೂತಿರುತ್ತಾರೆ. ಅದಕ್ಕೇ ನಮ್ಮೂರಿನ ಪ್ರತಿ ಗಾಡಿಯ ಡಿಕ್ಕಿಯಲ್ಲಿ ಒಂದು ಮರಳಿನ ಚೀಲ ಇರುತ್ತದೆ. ಒಂದನೆಯದು ಮಿಸ್ ಹೊಡೆಯಿತು ಎಂಬ ಗುಮಾನಿ ಬಂದರೂ ಸಾಕು, ಗಾಡಿ ನಿಲ್ಲಿಸಿ ಇಳಿದು, ಚೀಲವನ್ನು ಡ್ರೈವರ್ ಸೀಟಿನ ಮೇಲೆ ಹೇರಿ, ನಡೆದುಕೊಂಡು ಬಂದು ನನ್ನನ್ನು ಕರೆಯುತ್ತಾರೆ. ಹಾಗೆ ಮಾಡದೆ ಓಡಿಸಿಕೊಂಡು ಬಂದವನು ಸ್ಟೇಷನರಿ ಅಂಗಡಿಯ ಜಂಬಣ್ಣ ಒಬ್ಬನೇ. ಮನೆ ಹತ್ತಿರವಿದೆಯಲ್ಲ ಎಂದು ಬಂದನಂತೆ. ಇಳಿದಾಗ ಏನೂ ಆಗಿರಲಿಲ್ಲ, ನಕ್ಕನಂತೆ ಕೂಡ. ಆದರೆ ಅವತ್ತಿನಿಂದ ಎಡಗೈಯಲ್ಲಿ ಬರೆಯತೊಡಗಿದ. ಸಾಕಿದ ನಾಯಿ ಓಣಿಯ ಆಚೆಗೆ ಹೋಗಿ ಮಲಗಿತು. ಅವನ ಹೆಂಡತಿ ಮೊದಮೊದಲು "ಒಬ್ಬಂದ ಗಳಿಕ್ಯಾಗ ಇಬ್ಬರನ್ನ ಸಾಕಾಕತ್ತೀನಿ" ಎಂದು ನಗೆಯಾಡುತ್ತಿದ್ದಳು. ಆಮೇಲಾಮೇಲೆ ಜಂಬಣ್ಣ ಬೆಳಿಗ್ಗೆ ಎದ್ದ ತುಸು ಹೊತ್ತು ಮಾತ್ರ ಆಕೆಯ ಹೆಸರು ಹಿಡಿದು ಕರೆಯುತ್ತಿದ್ದ. ಈಗ ಅದೂ ಇಲ್ಲ. ಅಂಗಡಿ ಚೆನ್ನಾಗಿ ನಡೆಯುತ್ತಿದೆ, ಪೆನ್ನು ಕೇಳಿದರೆ ಪೆನ್ನು ಕೊಡುತ್ತಾನೆ, ಆದರೆ ಕೊಡುವವನು ಜಂಬಣ್ಣನಲ್ಲ.

ನನ್ನ ತಂಗಿ ಮಂದಾಕಿನಿ ಒಂದು ದಿನ ಮಧ್ಯಾಹ್ನ ಟ್ಯಾಕ್ಸಿ ತಂದು ಶೆಡ್ಡಿನಲ್ಲಿ ನಿಲ್ಲಿಸಿದಾಗ ಎಂಜಿನ್ನು ಜ್ವರ ಬಂದವರಂತೆ ನಡುಗುತ್ತಿತ್ತು. ಟ್ಯಾಕ್ಸಿ ಅವಳ ಗಂಡ ಶ್ರೀಪಾಲನದು. ಅವನು ಹೋದ ವರ್ಷ, ಗಾಡಿ ತೊಳೆಯುತ್ತಿದ್ದವನು ಬಕೆಟ್ಟಿನ ಪಕ್ಕದಲ್ಲೇ ಕುಸಿದು ತೀರಿಕೊಂಡ. ಬದುಕಿರುವಷ್ಟು ದಿನ ಹೆಂಡತಿಗೆ ಸ್ಟೇರಿಂಗ್ ಮುಟ್ಟಲು ಬಿಟ್ಟವನಲ್ಲ. ಹೆಂಗಸರಿಗೆ ಗಾಡಿಯ ಉಸಾಬರಿ ಯಾಕೆ ಎನ್ನುತ್ತಿದ್ದ, ಅದೂ ಅವನ ಗಾಡಿಯ ಕೆಳಗೆ ನಾನು ಮಲಗಿ ಆಯಿಲ್ ಬದಲಿಸುತ್ತಿರುವಾಗ. ಕೆಟ್ಟವನೇನಲ್ಲ, ಅವನನ್ನು ಕಂಡರೆ ನನಗೆ ಪ್ರೀತಿಯೇ. ಪ್ರತಿ ಭಾನುವಾರ ಇಬ್ಬರೂ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ನಾನು ಮಾಡುವ ಹಾಗಲಕಾಯಿ ಪಲ್ಯ ಎಂದರೆ ಅವನು ಬೋಗುಣಿಯನ್ನೇ ಎಳೆದುಕೊಳ್ಳುವವನು. ಮಂದಾ ಅದರ ವಾಸನೆಗೇ ಮೂಗು ಮುಚ್ಚಿಕೊಳ್ಳುವವಳು. ಕರಿಬೇವು ಕೂಡ ಅವಳ ಗಂಟಲಲ್ಲಿ ಇಳಿಯುವುದಿಲ್ಲ. ಸಣ್ಣವಳಿದ್ದಾಗಿನಿಂದ ಒಂದೊಂದೇ ಎಲೆ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಅಂಟಿಸುತ್ತಾಳೆ, ಕಂಪೌಂಡ್ ಕಟ್ಟಿದ ಹಾಗೆ. ಶ್ರೀಪಾಲ ಹೋದ ಮೇಲೆ ನಾನು ಹಾಗಲಕಾಯಿ ತರುವುದನ್ನು ಬಿಟ್ಟೆ, ಮಂದಾಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಗಾಡಿ ಓಡಿಸಲು ಕಲಿಸಿದೆ. ಈಗ ಆ ಟ್ಯಾಕ್ಸಿಯೇ ಅವಳ ಅನ್ನ.

ನಾನು ಕಿಟಕಿಯಲ್ಲಿ ಬಗ್ಗಿದೆ. ಎರಡನೇ ಸೀಟು ತಗ್ಗಿತ್ತು. ಗಂಟೆ ಬಡಿದುಕೊಳ್ಳುತ್ತಿತ್ತು. ಇದರಲ್ಲಿ ವಿಶೇಷವೇನಿರಲಿಲ್ಲ. ಆದರೆ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿತ್ತು, ಉದ್ದ ಕಾಲಿನವರು ಸರಿಸಿಕೊಳ್ಳುವ ಹಾಗೆ. ಗಾಜು ಎರಡು ಬೆರಳಿನಷ್ಟು ಇಳಿದಿತ್ತು. ನಾನು ನೋಡುತ್ತಿರುವಾಗಲೇ ಆ ಸೀಟಿನ ಮುಂದೆ ನೆಲದ ಮ್ಯಾಟು ಒತ್ತಿಕೊಂಡಿತು, ಮತ್ತೆ ಎದ್ದಿತು, ಮತ್ತೆ ಒತ್ತಿಕೊಂಡಿತು. ಅಲ್ಲಿ ಇಲ್ಲದ ಬ್ರೇಕನ್ನು ಯಾರೋ ತುಳಿಯುತ್ತಿದ್ದರು.

"ಗೊತ್ತಾತಲ್ಲ?" ಎಂದಳು ಮಂದಾ. ಅವಳ ಮುಖ ಗೆಲುವಾಗಿತ್ತು. ಗಂಡ ಸತ್ತ ಮೇಲೆ ಆ ಗೆಲುವನ್ನು ನಾನು ನೋಡಿರಲಿಲ್ಲ.

"ಎಂದಿನಿಂದ?" ಎಂದು ಕೇಳಿದೆ.

"ಮೂರ್ನಾಕ ವಾರ ಆತು. ಮಗ್ಗಲಕ್ಕ ಕುಂತು ಎಲ್ಲಾದಕ್ಕೂ ಬ್ರೇಕ್ ಒತ್ತತಾರ. ನಾ ಓಡಸೂದು ಅವರಿಗೆ ಇನ್ನೂ ಸೇರಂಗಿಲ್ಲ." ಎಂದು ಹೇಳಿ, ಪಕ್ಕಕ್ಕೆ ಬಾಗಿ ಖಾಲಿ ಸೀಟಿನ ಬೆಲ್ಟ್ ಎಳೆದು ಸಿಕ್ಕಿಸಿದಳು. ಗಂಟೆ ನಿಂತಿತು. "ಬೆಲ್ಟ್ ಆಗ್ಲೂ ಹಾಕತಿರಲಿಲ್ಲ, ಈಗೂ ನಾನ ಹಾಕಬೇಕು." ಎಂದಳು.

ನನಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಎರಡನ್ನೂ ತೋರಿಸಿಕೊಳ್ಳದೆ ಬಾನೆಟ್ ಎತ್ತಿದೆ. ನಾಲ್ಕೂ ಕಾಯಿಲ್‌ಗಳನ್ನು ಶ್ರೀಪಾಲ ಒಂದೇ ದಿನ ಹಾಕಿಸಿದ್ದು, ಹಾಕಿದ್ದು ನಾನೇ. ಒಂದಕ್ಕೆ ವಯಸ್ಸಾದರೆ ನಾಲ್ಕಕ್ಕೂ ವಯಸ್ಸಾಯಿತು ಎಂದೇ ಅರ್ಥ. ಶೆಡ್ಡಿನ ಬಾಗಿಲು ಎಳೆದು ಕತ್ತಲು ಮಾಡಿ, ಬಟ್ಟೆ ಇಸ್ತ್ರಿ ಮಾಡುವವರ ನೀರಿನ ಬಾಟಲಿಯಿಂದ ಒಂದೊಂದೇ ಕಾಯಿಲಿನ ಮೇಲೆ ಹನಿ ಸಿಂಪಡಿಸಿದೆ. ಎರಡನೆಯದರ ಕುತ್ತಿಗೆಯಲ್ಲಿ ನೀಲಿ ಕಿಡಿ ಚಟಚಟ ಅಂದಿತು. ಮೂರು, ನಾಲ್ಕು ಸುಮ್ಮನಿದ್ದವು. ಒಂದನೆಯದರ ಮೇಲೆ ಸಿಂಪಡಿಸಿದಾಗ ಬುಡದಲ್ಲಿ ದಾರದಷ್ಟು ಸಣ್ಣ ನೀಲಿ ಗೆರೆ ಒಂದು ಸಲ ಮಿನುಗಿ ಆರಿತು. ಎಂಜಿನ್ನು ಒಮ್ಮೆ ಬಿಕ್ಕಿತು. ಡ್ರೈವರ್ ಸೀಟಿನಲ್ಲಿ ಕೂತಿದ್ದ ಮಂದಾ ಮೈ ಝಾಡಿಸಿಕೊಂಡಳು, ಯಾರೋ ಹೆಗಲಿಗೆ ಹೆಗಲು ತಾಗಿಸಿದಂತೆ. ನಾನು ಓಡಿಹೋಗಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದೆ.

"ಒಂದನೇದೂ ಹೋಗಾಕತ್ತೇತಿ. ಇವತ್ತೋ ನಾಳೆಯೋ. ನೀ ಗಾಡಿ ಓಡಸೂವಾಗ ಹೋದ್ರ ಏನ ಆಗ್ತದ ನಿನಗ ಗೊತ್ತೈತಿ. ಜಂಬಣ್ಣನ ನೋಡೀದಿ." ಎಂದೆ.

"ಜಂಬಣ್ಣನ ಮ್ಯಾಲ ಕುಂತಾಂವ ಯಾರೋ ದಾರಿಹೋಕ. ಇವರು ನನ್ನವರು." ಎಂದಳು.

"ಯಾರಾದ್ರೂ ಅಷ್ಟ. ಒಂದ ಸೀಟಿನ್ಯಾಗ ಇಬ್ಬರು ಕುಂತ್ರ ಒಬ್ಬರ ಉಳೀತಾರ. ನಾಲ್ಕೂ ತಗದು ಹೊಸಾವು ಹಾಕ್ತೀನಿ, ಇಳಸು ಅನ್ನು."

ಅವಳು ಅನ್ನಲಿಲ್ಲ. ನಾನು ಬೈದೆ. ಉರಿಯದ ಪೆಟ್ರೋಲು ಸೈಲೆನ್ಸರಿಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತದೆ, ಗಾಡಿಯ ಹೊಟ್ಟೆ ಕೆಂಡವಾಗುತ್ತದೆ, ಒಣ ಹುಲ್ಲಿನ ಮೇಲೆ ನಿಲ್ಲಿಸಿದ ಗಾಡಿ ಭಸ್ಮವಾದದ್ದನ್ನು ನಾನೇ ನೋಡಿದ್ದೇನೆ ಎಂದು ಹೆದರಿಸಿದೆ. ಕೊನೆಗೆ ಅತ್ತೂಬಿಟ್ಟೆ. ನನಗೆ ಇರುವವಳು ಅವಳೊಬ್ಬಳೇ. ಅವಳು ನನ್ನ ಎಣ್ಣೆಗೈಯನ್ನೇ ಹಿಡಿದುಕೊಂಡು ಹೇಳಿದಳು.

"ಒಂದ ಮಾತು ನಡಸಕ್ಕ. ಲಗ್ನ ಆದಾಗಿಂದ ನಾ ಎಡಕ್ಕ ಕುಂತು ಹೋದಾಕಿ. ಅವರು ಓಡಸಬೇಕು, ನಾ ಕಿಟಕಿ ಹೊರಗ ನೋಡಬೇಕು. ಒಂದ ಸಲ ಹಂಗ ಹೋಗಿ ಬಂದ್ರ ಸಾಕು. ಕೆಟ್ಟ ಕಾಯಿಲ್ ಒಂದನೇದಕ್ಕ ಹಾಕು. ಆಮ್ಯಾಲ ನಾನ ನನ್ನ ಬಾಯಿಲೆ ಇಳಸು ಅಂತೀನಿ."

ಇಂಥ ಮಾತನ್ನು ನಮ್ಮೂರಿನಲ್ಲಿ ಯಾರೂ ಕೇಳಿದ್ದಿಲ್ಲ. ಒಂದನೇ ಸೀಟನ್ನು ಮರಳಿನ ಚೀಲ ಹಾಕಿ ಮುಚ್ಚುವುದು ಗೊತ್ತು, ಅದನ್ನು ಖಾಲಿ ಬಿಟ್ಟು ಬಾ ಎಂದು ಕರೆಯುವುದು ಗೊತ್ತಿಲ್ಲ. ಆದರೆ ನಾನು ಲೆಕ್ಕ ಹಾಕಿದೆ. ಸೀಟು ಖಾಲಿಯಿದ್ದರೆ ಜಂಬಣ್ಣನ ಗತಿ ಯಾರಿಗೂ ಬರುವುದಿಲ್ಲ. ಮಂದಾ ಎಡಗಡೆ ಕೂತಿರುತ್ತಾಳೆ, ನಾನು ಹಿಂದೆ ಹೊಸ ಕಾಯಿಲ್‌ಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತೇನೆ. ಬೇಡವೆಂದು ಕಳಿಸಿದರೆ ಅವಳು ಅದೇ ಗಾಡಿಯನ್ನು ನಾಳೆಯೂ ಓಡಿಸುತ್ತಾಳೆ, ನಾಡಿದ್ದೂ ಓಡಿಸುತ್ತಾಳೆ. ಎಷ್ಟು ಯೋಚಿಸಿದರೂ ಒಪ್ಪುವುದೇ ಕಡಿಮೆ ಅಪಾಯ ಎಂದು ಕಂಡಿತು. ಮೆಕ್ಯಾನಿಕ್ ತಲೆ ನನ್ನದು, ಅದಕ್ಕೆ ಗಾಡಿಯ ಅಪಾಯ ಮಾತ್ರ ಕಾಣುತ್ತದೆ.

ಒಂದನೆಯ ಮತ್ತು ಎರಡನೆಯ ಕಾಯಿಲ್‌ಗಳನ್ನು ಅದಲು ಬದಲು ಮಾಡಿದೆ. ಸಣ್ಣ ಬೋಲ್ಟೊಂದು ಜಾರಿ ಎಂಜಿನ್ನಿನ ಸಂದಿಗೆ ಬಿತ್ತು, ಅದನ್ನು ಅಯಸ್ಕಾಂತದಿಂದ ತೆಗೆದೆ. ಇಬ್ಬರೂ ನಮ್ಮ ನಮ್ಮ ಜಾಗದಲ್ಲಿ ಕೂತೆವು. ಮಂದಾ ಸೆರಗು ಸರಿಮಾಡಿಕೊಂಡು, ಎಡಗಡೆಯಿಂದಲೇ ಕೈ ಚಾಚಿ ಕೀಲಿ ತಿರುಗಿಸಿದಳು. ಎಂಜಿನ್ನು ಕುಂಟುತ್ತ ಎದ್ದಿತು.

ನನ್ನ ಮುಂದಿನ ಡ್ರೈವರ್ ಸೀಟು ಜೋರಾಗಿ ಹಿಂದಕ್ಕೆ ಸರಿದು ನನ್ನ ಮೊಣಕಾಲಿಗೆ ಬಡಿಯಿತು. ಸ್ಪಂಜು ತಗ್ಗಿತು. ಗಾಜು ಎರಡು ಬೆರಳು ಇಳಿಯಿತು. ಡ್ಯಾಶ್‌ಬೋರ್ಡಿನ ಮೇಲೆ ಬೆರಳ ಗಣ್ಣಿನಿಂದ ಟಕ್ ಟಕ್ ಎಂದು ಬಡಿದ ಸದ್ದಾಯಿತು, ಶ್ರೀಪಾಲ ಗಾಡಿ ಎತ್ತುವ ಮುಂಚೆ ಯಾವಾಗಲೂ ಬಡಿಯುತ್ತಿದ್ದ ಹಾಗೆ. ಬೆಲ್ಟಿನ ಗಂಟೆ ಶುರುವಾಯಿತು. ಕ್ಲಚ್ ಪೆಡಲ್ ತಾನಾಗಿ ಕೆಳಗಿಳಿದು, ಗೇರು ಬಿದ್ದು, ಗಾಡಿ ಹೊರಟಿತು.

ನಡು ಮಧ್ಯಾಹ್ನ, ಬಿಸಿಲು ಹೊಡೆಯುತ್ತಿತ್ತು. ಊರಿನ ಜನ ಬೀದಿಯಲ್ಲೇ ಇದ್ದರು. ಖಾಲಿ ಡ್ರೈವರ್ ಸೀಟಿನ ಗಾಡಿ ಬರುವುದನ್ನು ನೋಡಿ ಯಾರೂ ಕೂಗಲಿಲ್ಲ, ಓಡಲಿಲ್ಲ. ಒಬ್ಬೊಬ್ಬರೇ ಗೋಡೆಯ ಕಡೆಗೆ ಮುಖ ತಿರುಗಿಸಿ ನಿಂತರು. ಬಸಲಿಂಗ ಮಾತ್ರ ಚಹಾ ಸೋಸುತ್ತಿದ್ದವನು ಅದನ್ನು ಬಿಟ್ಟು, ಒಂದು ಲೋಟ ನೀರು ತಂದು ರಸ್ತೆಯ ಅಂಚಿಗೆ ಇಟ್ಟು ಹಿಂದೆ ಸರಿದ. ಗಾಡಿ ಅವನ ಅಂಗಡಿಯ ಮುಂದೆ ನಿಧಾನವಾಯಿತು, ಹಾರ್ನ್ ಒಮ್ಮೆ ಸಣ್ಣಗೆ ಕೂಗಿತು, ಮುಂದೆ ಹೋಯಿತು. ಶ್ರೀಪಾಲ ದಿನಾ ಹೀಗೇ ಮಾಡುತ್ತಿದ್ದ. ಸ್ಟೇರಿಂಗ್ ತಿರುಗುವುದನ್ನು ನೋಡಲಾರದೆ ನಾನು ಮಡಿಲಲ್ಲಿದ್ದ ಕಾಯಿಲ್ ಡಬ್ಬಿಯನ್ನು ನೋಡುತ್ತ ಕೂತೆ.

ಮಂದಾ ಕಿಟಕಿಯ ಹೊರಗೆ ನೋಡುತ್ತ ಮಾತಾಡಿದಳು. ಮನೆಯ ಹಂಚು ಬದಲಿಸಿದ್ದನ್ನು ಹೇಳಿದಳು, ಅವನ ಅಂಗಿಗಳನ್ನು ಯಾರಿಗೂ ಕೊಟ್ಟಿಲ್ಲ ಎಂದಳು. "ನೀವು ಹೋದ ದಿನ ನಾ ನಿಮ್ಮ ಕೂಡ ಜಗಳಾ ಆಡೀದ್ದೆ. ಅದ ನನ್ನ ಕೊನೀ ಮಾತು ಆತು." ಎಂದಾಗ ಗಾಡಿಯ ವೇಗ ಸ್ವಲ್ಪ ಇಳಿಯಿತು. ಉತ್ತರವಾಗಿ ಬೆಲ್ಟಿನ ಗಂಟೆ ಮಾತ್ರ ಬಡಿಯುತ್ತಿತ್ತು. ಅವಳು ಕಣ್ಣೊರೆಸಿಕೊಂಡು, "ಒಬ್ಬಾಕಿಗೇ ಇರಾಕ ಆಗವಲ್ದು" ಎಂದಳು. ಆ ಮಾತನ್ನು ನಾನು ಕಿವಿಯಾರೆ ಕೇಳಿದೆ. ದುಃಖದಲ್ಲಿರುವವರು ಆಡುವ ಮಾತು ಎಂದುಕೊಂಡು ಸುಮ್ಮನಿದ್ದೆ.

ಗಾಡಿ ಊರು ದಾಟಿ, ನಾನು ಅವಳಿಗೆ ಡ್ರೈವಿಂಗ್ ಕಲಿಸಿದ ಮೈದಾನಕ್ಕೆ ಬಂದು ನಿಂತಿತು. ಹ್ಯಾಂಡ್‌ಬ್ರೇಕ್ ಕರ್ ಎಂದು ಮೇಲೇರಿತು. ಎಂಜಿನ್ನು ಮೂರು ಕಾಲಿನ ಮೇಲೆ ನಡುಗುತ್ತ ನಿಂತೇ ಇತ್ತು, ಕಾಲಡಿಯ ತಗಡಿನಿಂದ ಬಿಸಿ ಏರುತ್ತಿತ್ತು, ಸುಟ್ಟ ವಾಸನೆ. ಇನ್ನು ತಡೆಯುವುದು ಸರಿಯಲ್ಲ ಎಂದು ನಾನು ಮಂದಾಳ ಹೆಗಲು ಮುಟ್ಟಿದೆ.

ಅವಳು ತಿರುಗಲಿಲ್ಲ. "ಇಳಸಕ್ಕ" ಎಂದಳು.

ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಎಂಜಿನ್ ಬಂದ ಮಾಡು ಮತ್ತ" ಎಂದು ಹೇಳಿ, ಡಬ್ಬಿ ಎತ್ತಿಕೊಂಡು ಇಳಿದು, ಮುಂದೆ ಹೋಗಿ ಬಾನೆಟ್ ಎತ್ತಿ ಕೋಲು ಕೊಟ್ಟು ನಿಲ್ಲಿಸಿದೆ. ಓಡುತ್ತಿರುವ ಎಂಜಿನ್ನಿನ ಕಾಯಿಲ್ ಕೀಳುವ ಹುಚ್ಚುತನ ನಾನು ಮಾಡುವುದಿಲ್ಲ. ಸ್ಪ್ಯಾನರ್ ಹಿಡಿದು ಎಂಜಿನ್ನು ಆರುವುದನ್ನು ಕಾಯುತ್ತ ನಿಂತೆ. ಎತ್ತಿದ ಬಾನೆಟ್ ಅಡ್ಡವಾಗಿ ಒಳಗಿನದು ಏನೂ ಕಾಣುತ್ತಿರಲಿಲ್ಲ. ಬೆಲ್ಟಿನ ಗಂಟೆ ಬಡಿಯುತ್ತಲೇ ಇತ್ತು. ಗಾಡಿ ಸ್ವಲ್ಪ ಬಲಕ್ಕೆ ವಾಲಿ ಮತ್ತೆ ಸರಿಯಾಯಿತು. ಆಮೇಲೆ ಕಟ್ ಎಂದು ಒಂದು ಸಣ್ಣ ಸದ್ದು.

ಗಂಟೆ ನಿಂತಿತು. ಎಂಜಿನ್ನು ಓಡುತ್ತಲೇ ಇತ್ತು.

ಡ್ರೈವರ್ ಸೀಟಿನ ಬೆಲ್ಟನ್ನು ಯಾರೋ ಹಾಕಿಕೊಂಡಿದ್ದರು. ಶ್ರೀಪಾಲ ಹುಟ್ಟಿದಾಗಿನಿಂದ ಬೆಲ್ಟ್ ಹಾಕಿದವನಲ್ಲ.

ಬಾನೆಟ್ ಸುತ್ತಿಕೊಂಡು ಓಡಿಬಂದು ಡ್ರೈವರ್ ಕಡೆಯ ಬಾಗಿಲು ತೆಗೆದೆ. ಮಂದಾ ಡ್ರೈವರ್ ಸೀಟಿನಲ್ಲಿ ಕೂತಿದ್ದಳು, ಎದೆಯ ಮೇಲೆ ಬೆಲ್ಟು, ಎರಡೂ ಕೈ ಸ್ಟೇರಿಂಗಿನ ಮೇಲೆ. ಸೀಟು ಪೂರ್ತಿ ಹಿಂದಕ್ಕೇ ಇತ್ತು. ಅವಳ ಗಿಡ್ಡ ಕಾಲು ಅಷ್ಟು ದೂರದ ಪೆಡಲಿಗೆ ಹೇಗೆ ಮುಟ್ಟಿತೋ, ಮುಟ್ಟಿತ್ತು. ನಾನು ಅವಳ ಮೇಲೆ ಬಾಗಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದೆ.

"ಯಾಕ ಮಾಡೀದಿ?" ಎಂದೆ. ಹೊಡೆಯಬೇಕು ಎಂದು ಕೈ ಎತ್ತಿದ್ದೆ, ಆದರೆ ಕೈ ಅವಳ ತಲೆ ಸವರಿತು.

"ಆತು ಬಿಡಕ್ಕ. ಈಗ ಹೊಸಾವು ಹಾಕು" ಎಂದಳು. ದನಿ ಅವಳದೇ. ದಣಿದವರ, ಸಮಾಧಾನವಾದವರ ದನಿ.

ನಾಲ್ಕೂ 'ಹೊಸಾವು' ಹಾಕಿದೆ. ಅಳುತ್ತಲೇ ಹಾಕಿದೆ. ಹಳೆಯವನ್ನು ಕಲ್ಲಿನಿಂದ ಜಜ್ಜಿ ಮೈದಾನದ ತಗ್ಗಿಗೆ ಎಸೆದೆ. ಎಂಜಿನ್ನು ಬೆಣ್ಣೆಯಂತೆ ಓಡಿತು. ಎರಡನೇ ಸೀಟು ಖಾಲಿ, ಮೂರು ಖಾಲಿ, ನಾಲ್ಕು ಖಾಲಿ. ಯಾರಾದರೂ ಇಳಿದು ಹೋದರೇ ಎಂದು ನಾನು ನಾಲ್ಕೂ ಬಾಗಿಲು ತೆಗೆದು ನೋಡಿದೆ, ಒಂದು ಸ್ಪಂಜೂ ಏಳಲಿಲ್ಲ. ವಾಪಸು ಬರುವಾಗ ನಾನು ಅವಳ ಪಕ್ಕ ಕೂತೆ. ಗಾಡಿ ಎತ್ತುವ ಮುಂಚೆ ಅವಳು ಡ್ಯಾಶ್‌ಬೋರ್ಡಿನ ಮೇಲೆ ಬೆರಳ ಗಣ್ಣಿನಿಂದ ಟಕ್ ಟಕ್ ಎಂದು ಬಡಿದಳು. ಬಸಲಿಂಗನ ಅಂಗಡಿಯ ಮುಂದೆ ಸಣ್ಣಗೆ ಹಾರ್ನ್ ಹಾಕಿದಳು.

ಅಪ್ಪ ಕಲಿಸಿದ ಪರೀಕ್ಷೆ ನನಗೆ ಗೊತ್ತಿರುವುದು ಒಂದೇ. ಕಾಯಿಲ್ ಬದಲಿಸಿದ ಮೇಲೂ ತೊಂದರೆ ಅಲ್ಲೇ ಉಳಿದರೆ ತಪ್ಪು ಕಾಯಿಲಿನದಲ್ಲ, ಇನ್ನೂ ಒಳಗಿನದು. ಮುಂದಿನ ಭಾನುವಾರ ಮಾರುಕಟ್ಟೆಗೆ ಹೋಗಿ, ಒಂದು ವರ್ಷದಿಂದ ಮುಟ್ಟದ ಹಾಗಲಕಾಯಿ ತಂದು ಪಲ್ಯ ಮಾಡಿದೆ. ಮಂದಾ ಬಂದಳು, ಕೂತಳು, ಬೋಗುಣಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅರ್ಧ ಪಲ್ಯ ಅವಳೇ ತಿಂದಳು. ಆದರೆ ಅವಳು ಎದ್ದ ಮೇಲೆ ತಟ್ಟೆ ನೋಡಿದೆ. ಅಂಚಿನಲ್ಲಿ ಕರಿಬೇವಿನ ಎಲೆಗಳು ಒಂದರ ಪಕ್ಕ ಒಂದು, ಕಂಪೌಂಡ್ ಕಟ್ಟಿದ ಹಾಗೆ ಕೂತಿದ್ದವು. ನಾನು ಆ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಅಡುಗೆಮನೆಯಲ್ಲಿ ಕೂತು ಅತ್ತೆ. ನನ್ನ ತಂಗಿ ಒಳಗೆ ಇದ್ದಳು.

ಅಂದಿನಿಂದ ಪ್ರತಿ ಭಾನುವಾರ ಹಾಗಲಕಾಯಿಯೇ. ಬಸಲಿಂಗ ಈಗ ಅವಳ ಗಾಡಿ ನಿಂತರೆ ಎಷ್ಟು ಮಂದಿ ಎಂದು ಕೇಳುವುದಿಲ್ಲ, ಒಂದು ಚಹಾ ಒಂದು ಲೋಟ ನೀರು ತಂದು ಎರಡನ್ನೂ ಅವಳ ಕೈಗೇ ಕೊಡುತ್ತಾನೆ. ಅವಳು ಸುಖವಾಗಿದ್ದಾಳೆ, ಅದನ್ನು ನಾನು ಒಪ್ಪಲೇಬೇಕು. ಒಬ್ಬಳೇ ಇದ್ದಾಗ ಬತ್ತಿಹೋಗಿದ್ದ ಮುಖ ತುಂಬಿಕೊಂಡಿದೆ. ಒಂದು ದಿನ ನನ್ನ ಗ್ಯಾರೇಜಿನ ಮುಂದೆ ನಿಂತು, ಗಾಡಿ ಕೆಳಗೆ ಮಲಗಿದ್ದ ನನ್ನನ್ನು ನೋಡಿ, ಹೆಂಗಸರಿಗೆ ಈ ಉಸಾಬರಿ ಯಾಕೆ ಎಂದು ನಕ್ಕಳು. ನಾನೂ ನಕ್ಕೆ, ಬೇರೇನು ಮಾಡಲಿ. ಊಟವಾದ ಮೇಲೆ ಮಾತ್ರ ತಟ್ಟೆಯನ್ನು ಅವಳ ಕೈಗೆ ಬಿಡದೆ ನಾನೇ ಎತ್ತುತ್ತೇನೆ. ಮೊದಲು ಅಂಚಿನ ಸಾಲು ತುಂಬಾ ಇರುತ್ತಿತ್ತು. ಆಮೇಲೆ ಅರ್ಧವಾಯಿತು. ಆಮೇಲೆ ಅಲ್ಲೊಂದು ಇಲ್ಲೊಂದು.

ಹೋದ ಭಾನುವಾರ ಅವಳು ಕೈ ತೊಳೆಯಲು ಎದ್ದಾಗ ತಟ್ಟೆ ಎತ್ತಿಕೊಂಡೆ. ಅಂಚಿನಲ್ಲಿ ಏನೂ ಇರಲಿಲ್ಲ. ತಟ್ಟೆಯ ಕೆಳಗೆ ನೋಡಿದೆ, ನೆಲದ ಮೇಲೆ ನೋಡಿದೆ, ಬೋಗುಣಿಯಲ್ಲಿ ಸೌಟು ಆಡಿಸಿ ನೋಡಿದೆ. ಒಗ್ಗರಣೆಗೆ ಕರಿಬೇವು ಹಾಕಿದವಳು ನಾನೇ, ಮರೆತಿರಲಿಲ್ಲ. ಹೊರಗೆ ಟಕ್ ಟಕ್ ಸದ್ದಾಯಿತು, ಗಾಡಿ ಚಾಲೂ ಆಗಿ ಹೊರಟುಹೋಯಿತು, ನಾಲ್ಕೂ ಸಿಲಿಂಡರು ಒಂದೇ ಸಮ, ಎಲ್ಲಿಯೂ ಒಂದು ಏಟು ತಪ್ಪದೆ. ನಾಳೆ ಮತ್ತೆ ಭಾನುವಾರ. ಹಿತ್ತಲಿನ ಗಿಡದಿಂದ ಕರಿಬೇವಿನ ಒಂದು ದೊಡ್ಡ ಕೊಂಬೆಯನ್ನೇ ಮುರಿದು ತಂದು, ನೀರು ಚಿಮುಕಿಸಿ ಇಟ್ಟುಕೊಂಡಿದ್ದೇನೆ.